ದುಬೈ ಬಿಟ್ಟು ಹ್ಯಾನೋವರ್ ಹಿಡಿದ ಲೆಕ್ಕ

ಹೋದ ತಿಂಗಳು ನನ್ನ ಉರ್ಕುಂಡೆ, ಅಂದರೆ ನರ್ಸ್ ಅಂತ ಒಪ್ಪಿದ ಪ್ರಮಾಣಪತ್ರ, ಕೈಗೆ ಬಂತು. ಈಗ ನಾನು ಜರ್ಮನಿಯ ಹ್ಯಾನೋವರಿನಲ್ಲಿ ಪೂರ್ತಿ ನರ್ಸ್. ಊರು ಆರಿಸುವ ನನ್ನ ಲೆಕ್ಕವನ್ನು ಕಲಬುರಗಿಯಲ್ಲಿ ಕೇಳಿ ತಲೆ ಅಲ್ಲಾಡಿಸಿದವರೇ ಈಗ "ಅಕ್ಕಾ, ಯಾವ ಊರು ಚಲೋ ಅದ?" ಅಂತ ಮೆಸೇಜ್ ಹಾಕುತ್ತಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಪ್ರೋಮೆಟ್ರಿಕ್ (ಗಲ್ಫ್‌ಗೆ ಹೋಗುವ ನರ್ಸ್‌ಗಳ ಪರೀಕ್ಷೆ), ಅಪೊಸ್ಟಿಲ್ (ಹೊರದೇಶಕ್ಕೆ ಕಾಗದ ದೃಢೀಕರಿಸುವ ಮುದ್ರೆ), ಬಿ2 (ಭಾಷೆ ಕಲಿಕೆಯ ಒಂದು ಮಟ್ಟ) ಇವನ್ನು ಹೆಚ್ಚು ವಿವರಿಸುವುದಿಲ್ಲ. ನರ್ಸಿಂಗ್ ಮಾಡಿದವರಿಗೆ ಅದೆಲ್ಲ ಗೊತ್ತೇ ಇದೆ.

ನನ್ನ ಮದುವೆ ಮುರಿದಿತ್ತು. ಅದರ ಕಥೆ ಇಲ್ಲಿ ಬೇಡ. ಗುರುತಿನವರು ಎದುರಾಗಿ "ಏನಾಯ್ತು ಯವ್ವಾ" ಅಂತ ಕೇಳದ ಊರು ನನಗೆ ಬೇಕಿತ್ತು. ಹಾಗಂತ ಒಬ್ಬಳೇ ಒಣಗಿಹೋಗುವ ಊರೂ ಬೇಡವಾಗಿತ್ತು. ಕಾಕಾ ಮಾತ್ರ ಒಂದೇ ಮಾತು ಹಿಡಿದಿದ್ದರು: "371ಜೆ ಅದ, ನಮ್ ಭಾಗದವ್ರಿಗೆ ಮೀಸಲಾತಿ ಅದ, ಇವತ್ತಿಲ್ಲ ನಾಳಿ ಸರ್ಕಾರಿ ಪೋಸ್ಟ್ ಬರ್ತದ. ಹೋಗದೇ ಆದ್ರ ದುಬೈಗೆ ಹೋಗು, ನಮ್ ಮಂದಿ ಇದ್ದಾರ." ನಮ್ಮ ಮಂದಿ ಇದ್ದಾರೆ ಅನ್ನುವುದಕ್ಕೇ ನನಗೆ ದುಬೈ ಬೇಡವಾಗಿತ್ತು.

ಆದರೂ ಮೊದಲು ಗಲ್ಫ್‌ಗೇ ಪ್ರಯತ್ನ ಪಟ್ಟೆ. ಒಬ್ಬ ಏಜೆಂಟ್ 80 ಸಾವಿರದ ಹತ್ತಿರ ತೆಗೆದುಕೊಂಡ. ಆಸ್ಪತ್ರೆ ಅಂತ ಹೇಳಿ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದ ಕಾಗದ ಕೊಟ್ಟ. ನಾನು ಸಹಿ ಹಾಕಲಿಲ್ಲ. ದುಡ್ಡು ಅರ್ಧ ಕೂಡ ವಾಪಸ್ ಬರಲಿಲ್ಲ. ಅವ್ವನ ಬಂಗಾರ ಅಡ ಇಟ್ಟು ತಂದ ದುಡ್ಡು ಅದು.

ಆಮೇಲೆ ಜರ್ಮನಿ. ಭಾಷೆಯ ಮೊದಲ ಮೆಟ್ಟಿಲು ಎ1ರಿಂದ ಬಿ2ವರೆಗೆ ಆನ್‌ಲೈನ್ ಮೇಷ್ಟ್ರ ಹತ್ತಿರ ಕಲಿತೆ. ಡ್ಯೂಟಿ ಮಾಡಿಕೊಂಡೇ ಕಲಿತದ್ದಕ್ಕೆ ಎರಡು ವರ್ಷದ ಹತ್ತಿರ ಹಿಡಿಯಿತು, ಲಕ್ಷದ ಮೇಲೆ ಖರ್ಚಾಯಿತು. ಪರೀಕ್ಷೆಗೆ ಹೈದರಾಬಾದಿಗೆ ಹೋಗಿಬರುತ್ತಿದ್ದೆ. ಓದುವುದು, ಬರೆಯುವುದು, ಮಾತಾಡುವುದು ಪಾಸಾದವು. ಕೇಳುವ ಮಾಡ್ಯೂಲ್ ಮಾತ್ರ ಫೇಲ್. ಗ್ಯೋಟೆ ಅನ್ನುವ ಜರ್ಮನ್ ಭಾಷಾ ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ಬಿದ್ದ ಮಾಡ್ಯೂಲ್ ಒಂದನ್ನೇ ಮತ್ತೆ ಬರೆಯಬಹುದು, ಅದು ಪುಣ್ಯ. ಕಿವಿ ಪಳಗಲಿ ಅಂತ ನೈಟ್ ಡ್ಯೂಟಿಯಲ್ಲಿ, ವಾರ್ಡ್ ತಣ್ಣಗಿದ್ದಾಗ, ಜರ್ಮನ್ ರೇಡಿಯೋ ಹಚ್ಚಿಕೊಂಡು ಕೂರತೊಡಗಿದೆ. ಊರು ಆರಿಸುವ ಲೆಕ್ಕ ಅಲ್ಲಿ ಹುಟ್ಟಿತು.

ಮ್ಯೂನಿಕ್ ಇರುವ ಬವೇರಿಯಾದ ಸ್ಟೇಷನ್ ಹಾಕಿದರೆ ವಾರ್ತೆ ತಿಳಿಯುತ್ತಿತ್ತು. ಕೇಳುಗರು ಫೋನ್ ಮಾಡಿ ಮಾತಾಡಿದರೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಸ್ಟುಟ್‌ಗಾರ್ಟ್ ಕಡೆಯ ಮಾತು ಅದಕ್ಕಿಂತ ಕಷ್ಟ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಮಂಡ್ಯದ ಅಜ್ಜಿಯರ ಮಾತು ನನಗೆ ಎರಡು ಸಲ ಕೇಳಿದರೆ ತಿಳಿಯುತ್ತಿತ್ತು. ನನ್ನ ಮಾತು ಅವರಿಗೆ ಮೂರನೇ ಸಲಕ್ಕೆ. ವಾರ್ಡಿನಲ್ಲಿ ಮಲಗಿರುವವರು ಹೆಚ್ಚಾಗಿ ವಯಸ್ಸಾದವರು. ನೋವಿನಲ್ಲಿ ಅವರು ಮನೆಮಾತನ್ನೇ ಆಡುತ್ತಾರೆ. ಅದು ತಿಳಿಯದಿದ್ದರೆ ಬಿ2 ಸರ್ಟಿಫಿಕೇಟ್ ಇಟ್ಟುಕೊಂಡು ಏನು ಮಾಡುವುದು?

ಹಾಗಾಗಿ ಪ್ರತಿ ಪ್ರಾಂತ್ಯದ ಸ್ಟೇಷನ್ ಹಿಡಿದು, ಕೇಳುಗರು ಮಾತಾಡುವ ಕಾರ್ಯಕ್ರಮವನ್ನೇ ಹುಡುಕಿದೆ. ವಾರ್ತೆ ಓದುವವರನ್ನು ಕೇಳಿ ಪ್ರಯೋಜನ ಇಲ್ಲ, ಅವರೆಲ್ಲ ಪುಸ್ತಕದ ಭಾಷೆಯಲ್ಲೇ ಓದುತ್ತಾರೆ. ಹತ್ತು ನಿಮಿಷ ಕೇಳಿ, ತಿಳಿದದ್ದನ್ನು ಬರೆದು, ನಾನೇ ಹತ್ತಕ್ಕೆ ಮಾರ್ಕ್ ಹಾಕಿಕೊಳ್ಳುತ್ತಿದ್ದೆ. ನೆನಪಿರುವಷ್ಟು ಹೇಳುತ್ತೇನೆ: ಮ್ಯೂನಿಕ್ ಮೂರು, ಸ್ಟುಟ್‌ಗಾರ್ಟ್ ಎರಡು, ಲೈಪ್‌ಜಿಗ್ ಐದು, ಹ್ಯಾನೋವರ್ ಎಂಟು. ಹ್ಯಾನೋವರಿನವರ ಮಾತು ಪುಸ್ತಕದ ಜರ್ಮನ್‌ಗೆ ತುಂಬ ಹತ್ತಿರ ಅಂತ ಜರ್ಮನ್ನರೇ ಹೇಳುತ್ತಾರೆ. ಅದು ನನಗೆ ಆಮೇಲೆ ಗೊತ್ತಾಯಿತು. ನನ್ನ ಕಿವಿ ಮೊದಲೇ ಹೇಳಿತ್ತು.

ರೇಡಿಯೋ ಆದಮೇಲೆ ಫೋನ್. ಆಯಾ ಊರಿನ ಕೆಲವು ಕಡೆ ಫೋನ್ ಮಾಡಿ ಮಾತಾಡಿ ನೋಡಿದೆ. ಎಲ್ಲಿಗೆ ಮಾಡಿದೆ, ಏನು ಕೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಮಾಡಿದರೆ ಅವರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಇಷ್ಟು ಸಾಕು: ನಿಮ್ಮ ಮಾತು ತಿಳಿಯದಾಗ ಎದುರಿನವರು ನಿಧಾನಕ್ಕೆ ಮತ್ತೆ ಹೇಳುತ್ತಾರೋ, ಫೋನ್ ಇಡುತ್ತಾರೋ ಅನ್ನುವುದನ್ನು ಗಮನಿಸಿ.

ದುಡ್ಡಿನ ಲೆಕ್ಕ ಇದಕ್ಕಿಂತ ಸುಲಭ. ಸರ್ಕಾರಿ ಆಸ್ಪತ್ರೆಗಳ ಸಂಬಳದ ಪಟ್ಟಿ ದೇಶದಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಬಾಡಿಗೆ ಹಾಗಲ್ಲ. ನಾನು ನೋಡಿದಾಗ ಮನೆ ಹಂಚಿಕೊಂಡು ಇರುವ ಒಂದು ರೂಮಿಗೆ ಮ್ಯೂನಿಕ್‌ನಲ್ಲಿ 750ರಿಂದ 800 ಯೂರೋ, ಹ್ಯಾನೋವರಿನಲ್ಲಿ 430ರ ಆಸುಪಾಸು, ಲೈಪ್‌ಜಿಗ್‌ನಲ್ಲಿ ಇನ್ನೂ ಕಡಿಮೆ. ಮ್ಯೂನಿಕ್‌ನಲ್ಲಿ ಸಂಬಳದ ಮೇಲೆ ಒಂದಿಷ್ಟು ಭತ್ಯೆ ಕೊಡುತ್ತಾರೆ. ಬಾಡಿಗೆ ಅದನ್ನೂ ನುಂಗುತ್ತದೆ. ಇನ್ನೊಂದು ವಿಷಯ ನೋಡಿದೆ: ಒಂದೇ ಟ್ರಾಮ್ ದೂರದಲ್ಲಿ ಎಷ್ಟು ಆಸ್ಪತ್ರೆ ಇವೆ? ಹ್ಯಾನೋವರಿನಲ್ಲಿ ದೊಡ್ಡ ಮೆಡಿಕಲ್ ಯೂನಿವರ್ಸಿಟಿ ಆಸ್ಪತ್ರೆ ಇದೆ, ಬೇರೆಯವೂ ಸಾಕಷ್ಟು. ಒಂದು ಕಡೆ ಹೊಂದದಿದ್ದರೆ ರೂಮು ಬಿಡದೆ ಕೆಲಸ ಬದಲಿಸಬಹುದು. ಊರಿನ ಗಾತ್ರವೂ ನನಗೆ ಹಿಡಿಸಿತು. 2011ರ ಜನಗಣತಿಯಲ್ಲಿ ಕಲಬುರಗಿ ಸುಮಾರು 5.3 ಲಕ್ಷ. ಹ್ಯಾನೋವರೂ ಐದು ಲಕ್ಷ ಚಿಲ್ಲರೆ.

ಚಳಿಗಿಂತ ಕತ್ತಲೆಯ ಬಗ್ಗೆ ನನಗೆ ಹೆದರಿಕೆ ಜಾಸ್ತಿ ಇತ್ತು. ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟೂವರೆಗೆ, ನಾಲ್ಕು ಗಂಟೆ ದಾಟುತ್ತಲೇ ಮುಳುಗುತ್ತಾನೆ. ಇದನ್ನೂ ಕಲಬುರಗಿಯಲ್ಲೇ ಪರೀಕ್ಷೆ ಮಾಡಿದೆ. ಒಂದು ತಿಂಗಳು ಬರೀ ನೈಟ್ ಡ್ಯೂಟಿ ಕೇಳಿ ಹಾಕಿಸಿಕೊಂಡೆ. ಹಗಲು ಕಿಟಕಿಗೆ ಕಂಬಳಿ ಕಟ್ಟಿ ಮಲಗಿದೆ. ಅವ್ವ ಗಾಬರಿಯಾದಳು. ಆದರೆ ಹೊರಗೆ 42 ಡಿಗ್ರಿ ಇರುವಾಗ ಕತ್ತಲೆ ಹಿತವಾಗೇ ಇರುತ್ತದೆ, ಆ ಪ್ರಯೋಗದಿಂದ ಏನೂ ತಿಳಿಯಲಿಲ್ಲ. ಇಲ್ಲಿಯ ನವೆಂಬರ್ ನಿಜವಾಗಿ ಭಾರ. ರಜೆ ದಿನ ಮಧ್ಯಾಹ್ನ ಐಲೆನ್‌ರೀಡೆ ಅನ್ನುವ, ಊರ ನಡುವೆಯೇ ಇರುವ ಕಾಡಿನಲ್ಲಿ ನಡೆದಾಡಿ ದಾಟಿಸುತ್ತೇನೆ.

ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಹಳೆಯದು, ರೊಟ್ಟಿ ಬಡಿದರೆ ಅಂಚು ಸೀಳುತ್ತದೆ. ಕುದಿಯುವ ನೀರು ಜಾಸ್ತಿ ಹಾಕಿ, ಹಿಟ್ಟನ್ನು ಹತ್ತು ನಿಮಿಷ ಮುಚ್ಚಿಟ್ಟು ನಾದಿದರೆ ಬರುತ್ತದೆ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಊರಿಂದಲೇ ತಂದಿದ್ದೆ.

ಕಾಗದದಲ್ಲಿ ನಾನು ಪಟ್ಟ ಕಷ್ಟ ಹೇಳಲೇಬೇಕು. ನಮ್ಮ ನರ್ಸಿಂಗ್ ಓದು ಸರಿಸಮ ಅಂತ ಒಪ್ಪುವ ಮಾನ್ಯತೆ ಕಚೇರಿ ಜರ್ಮನಿಯಲ್ಲಿ ಪ್ರತಿ ರಾಜ್ಯಕ್ಕೂ ಅದರದೇ. ಅವರಿಗೆ ಅಂಕಪಟ್ಟಿ ಸಾಲದು, ಯಾವ ವಿಷಯಕ್ಕೆ ಎಷ್ಟು ಗಂಟೆ ಥಿಯರಿ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಪ್ರಾಕ್ಟಿಕಲ್ ಅಂತ ಬೇಕು. ನಾನು ಓದಿದ ಕಾಲೇಜು ಅದನ್ನು ಕೊಡಲು ತಿಂಗಳುಗಟ್ಟಲೆ ಓಡಾಡಿಸಿತು. ಊರು ಆರಿಸುವ ಮೊದಲೇ ಈ ಕಾಗದ ತೆಗೆಸಿ ಇಟ್ಟುಕೊಳ್ಳಿ. ಇನ್ನು ಮಾನ್ಯತೆ, ವೀಸಾ ಕೆಲಸವನ್ನು ಬೇಗ ಮುಗಿಸುವ ಒಂದು ದಾರಿ ಇದೆ. ಅದರ ಶುಲ್ಕ 411 ಯೂರೋ, ಅರ್ಜಿ ಹಾಕಬೇಕಾದದ್ದು ಕೆಲಸ ಕೊಡುವವರು. ಇಂಟರ್‌ವ್ಯೂನಲ್ಲೇ ಕೇಳಿ. ಕೇಳಿದ್ದಕ್ಕೆ ನನಗೆ ಸಿಕ್ಕಿತು.

ದಕ್ಷಿಣದ ಒಂದು ಊರಿನಿಂದ ಹ್ಯಾನೋವರಿಗಿಂತ ಮೊದಲೇ ಆಫರ್ ಬಂದಿತ್ತು. ಮೂರು ವರ್ಷದೊಳಗೆ ಬಿಟ್ಟರೆ ಸಾವಿರಾರು ಯೂರೋ ವಾಪಸ್ ಕೊಡಬೇಕು ಅಂತ ಕಾಂಟ್ರಾಕ್ಟ್‌ನಲ್ಲಿತ್ತು. ಬೇಡ ಅಂದೆ. "ಕೈಗ್ ಬಂದದ್ದು ಬಿಟ್ಟು ರೇಡಿಯೋ ಕೇಳಕೋತ ಕುಂತಾಳ" ಅಂತ ಮನೆಯಲ್ಲಿ ಎಲ್ಲರೂ ಬೈದರು. ನಾಲ್ಕೈದು ತಿಂಗಳು ಕಾದೆ.

ಎಲ್ಲ ಸೇರಿ, ಏಜೆಂಟ್ ತಿಂದದ್ದೂ ಸೇರಿ, ಮೂರೂವರೆ ಲಕ್ಷದ ಮೇಲಾಯಿತು. ಟಿಕೆಟ್ ಆಸ್ಪತ್ರೆಯದು. ಬಂದ ಹೊಸದರಲ್ಲಿ, ಮಾನ್ಯತೆ ಸಿಗುವವರೆಗೆ, ಸಹಾಯಕಿ ಅಂತ ಕೆಲಸ, ಕೈಗೆ 1,750 ಯೂರೋ ಆಸುಪಾಸು. ಈಗ 2,300ರ ಹತ್ತಿರ. ಅವ್ವನ ಬಂಗಾರ ಬಿಡಿಸಿದ್ದೇನೆ.

ಪೂರ್ತಿ ನರ್ಸ್ ಆಗಲು ಇಲ್ಲಿ ಬರೆದ ಮಾನ್ಯತೆ ಪರೀಕ್ಷೆಯ ಪ್ರಾಕ್ಟಿಕಲ್ ನಿಜವಾದ ಪೇಷಂಟ್ ಎದುರಿಗೇ ನಡೆಯುತ್ತದೆ. ನನಗೆ ಸಿಕ್ಕವರು ಎಂಬತ್ತು ದಾಟಿದ ಅಜ್ಜ, ಬಾಯಲ್ಲಿ ಹಲ್ಲು ಇಲ್ಲ. ಅವರು ಹೇಳಿದ್ದೆಲ್ಲ ತಿಳಿಯಿತು. ಮೊದಲ ಸಲಕ್ಕೇ ಪಾಸಾದೆ. ನಮ್ಮ ಬ್ಯಾಚಿನಲ್ಲಿ ಎಲ್ಲರಿಗೂ ಹಾಗಾಗಲಿಲ್ಲ.

ಈಗ ಬೀದರಿನ ಒಬ್ಬ ಹುಡುಗ ಇದೇ ಲೆಕ್ಕ ಹಿಡಿದಿದ್ದಾನೆ. ಅವನ ಕಿವಿಗೆ ಕಾಸೆಲ್ ಅನ್ನುವ ಜರ್ಮನ್ ಊರು ಸರಿಹೋಗಿದೆ, ಬಾಡಿಗೆಯೂ ಸ್ವಲ್ಪ ಕಡಿಮೆ. ಅವನ ಪಟ್ಟಿ ನೋಡಿದೆ. ಅಲ್ಲಿ ಆಸ್ಪತ್ರೆಗಳು ಹ್ಯಾನೋವರಿಗಿಂತ ಕಡಿಮೆ, ಅದೊಂದನ್ನು ಇನ್ನೊಮ್ಮೆ ನೋಡು ತಮ್ಮಾ ಅಂತ ಹೇಳಿದ್ದೇನೆ.