ಅಟ್ಟದಲ್ಲಿರುವ ಹಳೇ ವಿಮಾನ ಮಾಡೆಲ್ ಮತ್ತೆ ಕಟ್ಟುವುದು ಹೇಗೆ?

ಶಾಲೆಗೆ ಹೋಗುವಾಗ ಕಟ್ಟಿದ 1/72 ಅಳತೆಯ (ಅಂದರೆ ನಿಜವಾದ ವಿಮಾನದ 72ನೇ ಒಂದು ಪಾಲು) ಪ್ಲಾಸ್ಟಿಕ್ ವಿಮಾನ ಅಟ್ಟದ ಮೇಲಿನ ಡಬ್ಬದಲ್ಲಿದ್ದರೆ ದಯವಿಟ್ಟು ಎಸೆಯಬೇಡಿ. ಚಕ್ರ ಮುರಿದಿರಲಿ, ಬಣ್ಣ ಮೆತ್ತಿಕೊಂಡಿರಲಿ, ಎಲ್ಲವನ್ನೂ ಸರಿಮಾಡಬಹುದು. ಒಂದು ಕೆಲಸ ಮಾತ್ರ ಬೇಡ: ಹಳೇ ಬಣ್ಣದ ಮೇಲೆಯೇ ಹೊಸ ಬಣ್ಣ ಬಳಿಯುವುದು. ಉದಾಹರಣೆಗೆ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದ ನ್ಯಾಟ್ ಯುದ್ಧವಿಮಾನ ಸುಮಾರು 9 ಮೀಟರ್ ಉದ್ದ. ಈ ಅಳತೆಯಲ್ಲಿ ಅದು ಹನ್ನೆರಡೂವರೆ ಸೆಂ.ಮೀ. ಅಷ್ಟೇ. ಇಷ್ಟು ಪುಟ್ಟ ಮೈಮೇಲೆ ಬಣ್ಣ ಎರಡು ಪದರ ಕೂತರೆ ವಿಮಾನದ ತಗಡುಗಳನ್ನು ತೋರಿಸಲು ಕೊರೆದ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಮೊದಲು ಫೋಟೊ, ಆಮೇಲೆ ಫ್ರೀಜರ್

ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ. ಆಮೇಲೆ ಮಾಡೆಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ಮೂರು ಗಂಟೆ ಫ್ರೀಜರ್‌ನಲ್ಲಿಡಿ. ಚಳಿಗೆ ಸೂಪರ್ ಗ್ಲೂ ಪೆಡಸಾಗುತ್ತದೆ, ಮೆಲ್ಲಗೆ ತಿರುಚಿದರೆ ಭಾಗಗಳು ಬಿಟ್ಟುಕೊಳ್ಳುತ್ತವೆ. ಬಿಡದಿದ್ದರೆ ಬಲ ಹಾಕಬೇಡಿ. ಅಲ್ಲಿ ಬಳಸಿದ್ದು ಪ್ಲಾಸ್ಟಿಕ್ ಕರಗಿಸುವ ಅಂಟು ಇರಬಹುದು. ಹಾಗಿದ್ದರೆ ಎರಡೂ ಭಾಗ ಬೆರೆತು ಒಂದೇ ಆಗಿರುತ್ತವೆ.

ಹಳೇ ಬಣ್ಣ ಎನಾಮೆಲ್ (ಎಣ್ಣೆ ಬಣ್ಣ) ಆಗಿದ್ದರೆ ಡೆಟಾಲ್ ಸಾಕು. ನೀರು ಬೆರೆಸದೆ ಮುಚ್ಚಳದ ಡಬ್ಬಕ್ಕೆ ಸುರಿದು ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ತಕ್ಷಣ ನಲ್ಲಿ ನೀರಿಗೆ ಹಿಡಿಯಬೇಡಿ, ಕಿತ್ತ ಬಣ್ಣವೆಲ್ಲ ಮೇಣದಂತೆ ಅಂಟಿಕೊಳ್ಳುತ್ತದೆ. ಮೊದಲು ಇನ್ನಷ್ಟು ಡೆಟಾಲ್‌ನಲ್ಲೇ ತೊಳೆದು, ನಂತರ ಸೋಪಿನ ನೀರು. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಆಗುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ನೇಲ್ ಪಾಲಿಶ್ ರಿಮೂವರ್ ಮಾತ್ರ ಖಂಡಿತ ಬೇಡ. ಅದರಲ್ಲಿ ಸಾಮಾನ್ಯವಾಗಿರುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಜೋಡಣೆಯ ಗೆರೆ

ಹೆಚ್ಚಿನ ಮಾಡೆಲ್‌ಗಳು ಕೆಡುವುದು ಎರಡು ಹೋಳು ಸೇರುವ ಈ ಗೆರೆಯಲ್ಲೇ, ಅದೂ ಅವಸರದಿಂದ. ವಿಮಾನದ ಎರಡು ಹೋಳುಗಳನ್ನು ಒತ್ತಿ ಹಿಡಿದು, ಪ್ಲಾಸ್ಟಿಕ್ ಕರಗಿಸುವ ತೆಳು ಅಂಟಿನ ಬ್ರಷ್ಷನ್ನು ಗೆರೆಗೆ ಮುಟ್ಟಿಸಿ. ಅಂಟು ತಾನೇ ಸಂದಿಯೊಳಗೆ ಓಡುತ್ತದೆ. ಇನ್ನೂ ಸ್ವಲ್ಪ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಣ್ಣ ಏರಿಯಂತೆ ಮೇಲಕ್ಕೆ ಉಬ್ಬುತ್ತದೆ. ಅದು ಒಳ್ಳೇ ಲಕ್ಷಣ, ಒರೆಸಬೇಡಿ. ಬೆರಳಚ್ಚು ಬಿದ್ದರೂ ಹಾಗೇ ಬಿಡಿ. ಕನಿಷ್ಠ ಒಂದು ದಿನ ಒಣಗಿದ ಮೇಲೆಯೇ ಹೆರೆದು ಉಜ್ಜಬೇಕು. ಮೆತ್ತಗಿದ್ದಾಗಲೇ ಉಜ್ಜಿದರೆ ಆ ಕ್ಷಣಕ್ಕೆ ನುಣುಪಾಗಿ ಕಾಣುತ್ತದೆ, ನಿಜ. ಆದರೆ ಪ್ಲಾಸ್ಟಿಕ್ ಒಣಗುತ್ತಾ ಕುಗ್ಗುತ್ತದೆ. ಬಣ್ಣ ಹಚ್ಚಿ ವಾರ ಕಳೆಯುವಷ್ಟರಲ್ಲಿ ಅದೇ ಗೆರೆ ಮತ್ತೆ ಎದ್ದು ಕಾಣುತ್ತದೆ.

ಸಂದಿ ಉಳಿದಿದ್ದರೆ ಸೂಪರ್ ಗ್ಲೂಗೆ ಟಾಲ್ಕಂ ಪೌಡರ್ ಬೆರೆಸಿ ತುಂಬಿ. ಇದನ್ನು ಮಾತ್ರ ಅದೇ ದಿನ ಉಜ್ಜಿಬಿಡಿ, ಮರುದಿನಕ್ಕೆ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿರುತ್ತದೆ. ನನಗೆ ಇದಕ್ಕಿಂತ ಇಷ್ಟವಾದ ದಾರಿ ಇನ್ನೊಂದಿದೆ. ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಸ್ಪ್ರೂ ಕಡ್ಡಿಯನ್ನು ಚೂರು ಮಾಡಿ ತೆಳು ಅಂಟಿನಲ್ಲಿ ಕರಗಿಸಿ ತುಂಬುವುದು. ಒಣಗಲು ಜಾಸ್ತಿ ದಿನ ಬೇಕು. ಆದರೆ ತುಂಬಿದ್ದೂ ಅದೇ ಪ್ಲಾಸ್ಟಿಕ್ ಅಲ್ವಾ, ಅದರ ಮೇಲೆ ಹೊಸ ಗೆರೆ ಕೊರೆದರೂ ಚೂರಾಗಿ ಏಳುವುದಿಲ್ಲ. ಉಜ್ಜಲು ವಾಟರ್ ಪೇಪರ್: ಮೊದಲು 400, ಆಮೇಲೆ 800, ಕೊನೆಗೆ 1500 ನಂಬರ್, ನೀರು ಹಚ್ಚಿಕೊಂಡೇ. ಮೇಲೆ ಬೂದು ಪ್ರೈಮರ್ ಒಂದು ಕೋಟ್ ಹೊಡೆದರೆ ಕಣ್ಣಿಗೆ ಬೀಳದ ಗೀರೂ ಕಾಣುತ್ತದೆ.

ಮುರಿದ ಚಕ್ರದ ಕಾಲಿಗೆ ಬರೀ ಅಂಟು ನಿಲ್ಲುವುದಿಲ್ಲ. ಎರಡೂ ತುದಿಗೆ ಸಣ್ಣ ತೂತು ಕೊರೆದು ತಾಮ್ರದ ತಂತಿ ತುಂಡು ಸೇರಿಸಿ ಅಂಟಿಸಿ. ಸೊಟ್ಟಗಾದ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಿಡಿಯಿರಿ. ಕುದಿಯುವ ನೀರು ಬೇಡ.

ಗಾಜು ಮತ್ತು ಡೆಕಾಲ್

ಪೈಲಟ್ ಕೂರುವಲ್ಲಿನ ಪಾರದರ್ಶಕ ಮುಚ್ಚಳಕ್ಕೆ ಸೂಪರ್ ಗ್ಲೂ ತಾಗಿಸಬೇಡಿ, ಅದರ ಆವಿಗೇ ಬೆಳ್ಳಗಾಗುತ್ತದೆ. ಫೆವಿಕಾಲ್ ಸಾಕು. ಒಣಗಿದರೆ ಕಾಣುವುದಿಲ್ಲ. ಹಳೇ ಗೀರುಗಳಿಗೆ 2000 ನಂಬರ್ ಪೇಪರ್, ಆಮೇಲೆ ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಿಂದ ಉಜ್ಜಿ.

ಡೆಕಾಲ್ ಅಂದರೆ ನೀರಿನಲ್ಲಿ ನೆನೆಸಿ ಮಾಡೆಲ್ ಮೇಲೆ ಅಂಟಿಸುವ ಗುರುತುಗಳು. ಹಳದಿಯಾದ ಡೆಕಾಲ್ ಹಾಳೆಯನ್ನು ಜಿಪ್ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ. ಕೆಲವು ದಿನಗಳಲ್ಲಿ ಹಳದಿ ಇಳಿಯುತ್ತದೆ. ಬೇಡದ ಒಂದು ಡೆಕಾಲ್ ನೀರಿಗೆ ಹಾಕಿ ನೋಡಿ. ಪುಡಿಯಾದರೆ ಇಡೀ ಹಾಳೆಗೆ ಕ್ಲಿಯರ್ ಲ್ಯಾಕರ್ (ಬಣ್ಣವಿಲ್ಲದ ವಾರ್ನಿಶ್) ಹೊಡೆದು, ಒಂದೊಂದನ್ನೇ ಅಂಚಿಗೆ ಕತ್ತರಿಸಿಕೊಳ್ಳಿ. ವಾಯುಪಡೆಯ ಗುರುತಾದ ಕೇಸರಿ-ಬಿಳಿ-ಹಸಿರು ವೃತ್ತದ ಸುತ್ತ ಬೆಳ್ಳಿಯಂಥ ಹೊಳಪು ಕಾಣುತ್ತದಲ್ಲ, ಅದು ಒರಟಾದ ಮ್ಯಾಟ್ ಬಣ್ಣಕ್ಕೂ ಡೆಕಾಲಿಗೂ ನಡುವೆ ಸಿಕ್ಕಿಕೊಂಡ ಗಾಳಿ. ಅದಕ್ಕೇ ಮೊದಲು ಹೊಳಪಿನ (ಗ್ಲಾಸಿ) ಲ್ಯಾಕರ್ ಕೋಟ್, ಮೇಲೆ ಡೆಕಾಲ್, ಕೊನೆಗೆ ಹೊಳಪಿಲ್ಲದ ಮ್ಯಾಟ್ ಕೋಟ್. ಆಗಲೇ ಹೊಳಪು ಬಂದಿದ್ದರೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ಡೆಕಾಲ್ ಮೆತ್ತಗಾಗಿಸುವ ದ್ರಾವಣ ಸವರಿ.

ಕೊನೆಯ ಕೋಟನ್ನು ಮಳೆ ಹಿಡಿದ ದಿನ ಹೊಡೆಯಬೇಡಿ. ಕರಾವಳಿಯ ಜುಲೈಯಲ್ಲಂತೂ ಲ್ಯಾಕರ್ ತೇವ ಹೀರಿ ಮಂಜಿನಂತೆ ಬೆಳ್ಳಗಾಗುತ್ತದೆ. ಹಾಗಾಗಿದ್ದರೆ ಬಿಸಿಲು ಬಂದ ದಿನ ಅದರ ಮೇಲೆ ಅದೇ ಲ್ಯಾಕರ್ ತೆಳ್ಳಗೆ ಹೊಡೆದು ನೋಡಿ. ಹೆಚ್ಚಿನ ಸಲ ಬಿಳುಪು ಹೋಗುತ್ತದೆ.