ಎಂಜಿಬಿಗೆ ಮನೆಯಲ್ಲೇ ಕಟ್ಟಿದ ವೈರಿಂಗ್: ನನ್ನ ಅನುಭವ

ಮೊನ್ನೆ ಭಾನುವಾರ ರಾತ್ರಿ ನಂದಿ ಬೆಟ್ಟ ಇಳಿದು ಬರುವಾಗ ಹೆಡ್‌ಲೈಟು, ವೈಪರು, ಹೀಟರ್ ಫ್ಯಾನು ಎಲ್ಲ ಒಟ್ಟಿಗೆ ಹಾಕಿಕೊಂಡೇ ಬಂದೆ. ಹೀಟರ್ ಬೇಕಿರಲಿಲ್ಲ, ಸುಮ್ನೆ ಹಾಕಿದ್ದು. ಒಂದು ಫ್ಯೂಸೂ ಹೋಗಲಿಲ್ಲ. ವೈರಿಂಗ್ ನಾನೇ ಕಟ್ಟುತ್ತೀನಿ ಅಂದಾಗ "ಇದೆಲ್ಲ ಆಗಲ್ಲ ಬಿಡಿ ಸಾರ್" ಅಂದಿದ್ದವರಿಗೆಲ್ಲ ಬೆಳಿಗ್ಗೆ ಎದ್ದ ತಕ್ಷಣ ಫೋಟೊ ಕಳಿಸಿದೆ.

ಕಾರು 1966ರ ಎಂಜಿಬಿ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಬ್ಯಾಟರಿ ಚಾರ್ಜ್ ಮಾಡೋಕೆ ಡೈನಮೊ, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ), ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿ, ಇಡೀ ಕಾರಿಗೆ ಎರಡೇ ಫ್ಯೂಸು. ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಎರಡು ವರ್ಷದ ಹಿಂದೆ ಕನಕಪುರ ರಸ್ತೆಯಲ್ಲಿ ಬಲಗಡೆ ಲೈಟಿನ ಬಟ್ಟಲೊಳಗೆ ನೀಲಿ-ಕೆಂಪು ತಂತಿ ತಗಡಿಗೆ ಉಜ್ಜಿ ಉಜ್ಜಿ ಬರಿಯಾಗಿ ಬಾಡಿಗೆ ತಾಗಿತು. ಡ್ಯಾಶ್ ಅಡಿಯಿಂದ ಹೊಗೆ. ಕೆಳಗಿಳಿದು, ಸೀಟು ಮುಂದಕ್ಕೆ ತಳ್ಳಿ, ಕಾರ್ಪೆಟ್ ಎತ್ತಿ, ಮುಚ್ಚಳ ತೆಗೆದು ಬ್ಯಾಟರಿ ಕಳಚುವಷ್ಟರಲ್ಲಿ ಲೈಟ್ ಸ್ವಿಚ್ಚಿನವರೆಗೆ ಅಕ್ಕಪಕ್ಕದ ನಾಲ್ಕೈದು ತಂತಿ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಈಗ ಕೈಗೆಟುಕೋ ಕಡೆ ಕಟಾಫ್ ಸ್ವಿಚ್ ಇದೆ, ಬಿಡಿ.

ಜೆ.ಸಿ. ರಸ್ತೆಯಲ್ಲಿ ನಾನು ಯಾವಾಗಲೂ ಕಾರು ತೋರಿಸುವ ಮೆಕ್ಯಾನಿಕ್ ಮಾಸ್ಟ್ರು ನೋಡಿ, "ಹಳೇದೆಲ್ಲ ಕಿತ್ತು ಬಿಸಾಕಿ ಸಾರ್, ಮಾರುತಿ ಹಾರ್ನೆಸ್ ಕೂರಿಸಿ ಕೊಡ್ತೀನಿ" ಅಂದರು. ಹಾರ್ನೆಸ್ ಅಂದರೆ ಕಾರಿನ ತಂತಿಗಳನ್ನೆಲ್ಲ ಸೇರಿಸಿ ಕಟ್ಟಿದ ಕಂತೆ. ಇಂಗ್ಲೆಂಡಿನಿಂದ ಬಟ್ಟೆ ಹೊದಿಕೆಯ ರೆಡಿ ಹಾರ್ನೆಸ್ ತರಿಸೋಣ ಅಂದರೆ ಸಾಗಣೆ, ಕಸ್ಟಮ್ಸ್ ಸೇರಿ 60 ಸಾವಿರದ ಹತ್ತಿರ ಬರುತ್ತಿತ್ತು. ನಾನೇ ಕಟ್ಟುತ್ತೀನಿ ಅಂದೆ. ಮಾಸ್ಟ್ರು ನಕ್ಕರು.

ಹಳೇ ಹಾರ್ನೆಸ್ಸನ್ನು ಕತ್ತರಿಸದೆ ಇಡಿಯಾಗಿ ಬಿಚ್ಚಿ ತೆಗೆಯೋಕೆ ಎರಡು ವಾರಾಂತ್ಯ ಹೋಯಿತು. ತಂತಿ ತುದಿಗಳನ್ನು ಜೋಡಿಸುವ ಬುಲೆಟ್ ಕನೆಕ್ಟರಿನ ರಬ್ಬರ್ ತೋಳುಗಳು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿದ್ದವು. ಒಳಗೆ ತಾಮ್ರ ಹಸಿರುಗಟ್ಟಿತ್ತು. ದಿವಾನ್ ಮೇಲೆ ಪ್ಲೈವುಡ್ ಹಾಕಿ, ಮೊಳೆ ಹೊಡೆದು, ಹಳೇದನ್ನು ಅದರ ಮೇಲೆ ಮಲಗಿಸಿ ಗುರುತು ಹಾಕಿಕೊಂಡೆ. ಹೆಂಡತಿ "ರೀ, ಹಾಲಲ್ಲಿ ಬಲೆ ನೇಯ್ತಿದೀರಾ?" ಅಂತ ಕೇಳಿದಳು.

ಮೊದಲ ಸಲ ಮಾಡಿದ್ದು ಶುದ್ಧ ದಡ್ಡತನ. ಮನೆ ವೈರಿಂಗಿನ 1 ಸ್ಕ್ವೇರ್ (ಚದರ ಮಿ.ಮೀ.) ತಂತಿ ಅಗ್ಗಕ್ಕೆ ಸಿಕ್ಕಿತು ಅಂತ ಅದರಲ್ಲೇ ಅರ್ಧ ಕಟ್ಟಿದೆ. ಅದರ ಹೊದಿಕೆ ದಪ್ಪ, ಮೈ ಬಿರುಸು. ಕಟ್ಟಿ ಮುಗಿಸಿ ನೋಡಿದರೆ ಹಲಸಿನ ಬೇರಿನ ಹಾಗಿದೆ, ಎಂಜಿನ್ನಿಗೂ ಸೀಟಿನ ಕಡೆಗೂ ನಡುವಿನ ತಗಡಾದ ಫೈರ್‌ವಾಲಿನ ಗ್ರೊಮೆಟ್ಟಿನೊಳಗೆ (ತೂತಿನ ರಬ್ಬರ್ ಬಳೆ) ತೂರೋದೇ ಇಲ್ಲ! 4 ಸಾವಿರ ನೀರಲ್ಲಿ ಹೋಮ. ಆಮೇಲೆ ಎಸ್.ಪಿ. ರಸ್ತೆಯಲ್ಲಿ ತೆಳು ಹೊದಿಕೆಯ ಆಟೊ ಕೇಬಲ್ ಹಿಡಿದೆ. ಜಾಸ್ತಿ ಕಡೆ 1 ಸ್ಕ್ವೇರ್, ಹೆಡ್‌ಲೈಟಿಗೆ 2, ಬ್ಯಾಟರಿ ಕಡೆಯಿಂದ ಬರುವ ಮುಖ್ಯ ಕಂದು ತಂತಿಗೆ 4.

ಬಣ್ಣದ್ದೇ ದೊಡ್ಡ ತಲೆನೋವು. ಈ ಕಾರಿನ ಎಲೆಕ್ಟ್ರಿಕಲ್ ಸಾಮಾನು ಮಾಡಿದ ಲ್ಯೂಕಸ್ ಕಂಪನಿಯ ಬಣ್ಣ ಬಿಟ್ಟುಕೊಟ್ಟರೆ ಮುಗೀತು, ಮುಂದೆ ಯಾವ ಡಯಾಗ್ರಾಮೂ ಉಪಯೋಗಕ್ಕೆ ಬರಲ್ಲ. ಹಸಿರು-ಬಿಳಿ ಬಲ ಇಂಡಿಕೇಟರ್, ಹಸಿರು-ಕೆಂಪು ಎಡ, ಹಸಿರು-ನೇರಳೆ ಬ್ರೇಕು. ಇಂಥ ಗೆರೆ ಇರೋ ತಂತಿಯನ್ನು 3 ಮೀಟರ್, 4 ಮೀಟರ್ ಲೆಕ್ಕದಲ್ಲಿ ಯಾರೂ ಕೊಡಲ್ಲ, ರೋಲೇ ತಗೋಬೇಕು. ಹಾಗಾಗಿ ಮೂಲ ಬಣ್ಣದ ತಂತಿ ತಗೊಂಡು ಎರಡೂ ತುದಿಗೆ ಗೆರೆಯ ಬಣ್ಣದ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಏರಿಸಿದೆ. ಹೊರಗೆ ಕಾಣೋದು ತುದಿಗಳು ತಾನೇ?

ತಂತಿಗಳನ್ನು ಮೊಳೆಗಳ ನಡುವೆ ಎಳೆದ ಮೇಲೆ ಕೇಬಲ್ ಟೈ ಹಾಕುತ್ತಿದ್ದೆ, ಕಂತೆ ಜಾರುತ್ತಿತ್ತು. ನಮ್ಮತ್ತೆ ಸ್ವಲ್ಪ ಹೊತ್ತು ನೋಡುತ್ತಾ ಇದ್ದವರು ಮಲ್ಲಿಗೆ ಕಟ್ಟೋ ದಾರ ತಂದು, ಎರಡು ಸುತ್ತು ಸುತ್ತಿ ಬೆರಳಲ್ಲಿ ಒಂದು ಕುಣಿಕೆ ತಿರುವಿ ಎಳೆದರು. ಕಂತೆ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಆಮೇಲೆ ಪ್ರತಿ ಕವಲಿಗೂ ಅದೇ ಗಂಟು, ಮೇಲೆ ಅಂಟಿಲ್ಲದ ಪಿವಿಸಿ ಟೇಪು ಅರ್ಧಕ್ಕೆ ಅರ್ಧ ಏರಿಸಿ ಸುತ್ತಿದ್ದು. ಗ್ರೊಮೆಟ್ಟಿನಲ್ಲಿ ತೂರಿಸುವ ಮುಂಚೆ ಟೇಪಿನ ಮೇಲೆ ಏನು ಸವರುತ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ.

ಬುಲೆಟ್ಟುಗಳನ್ನು ಮೊದಲು ಬೆಸುಗೆ ಹಾಕಿದೆ. ಸೀಸ ತಂತಿಯೊಳಗೆ ಇಂಗಿ, ಅದು ನಿಂತ ಕಡೆ ಗಟ್ಟಿಯಾಗಿ, ಅಲ್ಲಾಡಿಸಿದರೆ ಅಲ್ಲೇ ಮುರಿಯುತ್ತೆ. 3 ಸಾವಿರ ಕೊಟ್ಟು ಬೆಸುಗೆ ಇಲ್ಲದೆ ಒತ್ತಿ ಹಿಡಿಸುವ ಒಳ್ಳೇ ಕ್ರಿಂಪಿಂಗ್ ಇಕ್ಕಳ ತಗೊಂಡೆ. ಇದೊಂದರಲ್ಲಿ ಜಿಪುಣತನ ಬೇಡ.

ಇನ್ನೊಂದು ಎಡವಟ್ಟು ಹಿಂಬದಿ ಲೂಮಿಂದು, ಅಂದರೆ ಹಿಂದಿನ ತಂತಿ ಕಂತೆಯದ್ದು. ಕಾರಿನ ಅಡಿಯಿಂದ ಡಿಕ್ಕಿಗೆ ಹೋಗುತ್ತಲ್ಲ, ಅದು. ಹಳೇದರ ಅಳತೆಗೇ ಕತ್ತರಿಸಿದೆ, ಒಂದು ಅಡಿ ಸಾಲಲಿಲ್ಲ. ಯಾರೋ ಹಿಂದೆ ತುಂಡು ಮಾಡಿ ಬಿಗಿಯಾಗಿ ಎಳೆದು ಜೋಡಿಸಿದ್ದರು, ನಾನು ಅದನ್ನೇ ನಂಬಿದ್ದೆ. ಮತ್ತೆ ಆರು ತಂತಿ ಹೊಸದು.

ನಡುವೆ ನೆಗೆಟಿವ್ ಅರ್ಥ್‌ಗೆ ಬದಲಾಯಿಸೋ ಹುಚ್ಚು ಬೇರೆ. ಪಾಸಿಟಿವ್ ಅರ್ಥ್ ಇದ್ದಾಗ ಸಾಕೆಟ್ ಹಾಕಿ ಒಂದು ಫೋನ್ ಚಾರ್ಜರ್ ಬಲಿ ಕೊಟ್ಟಿದ್ದೆ. ಎರಡು 6 ವೋಲ್ಟ್ ತೆಗೆದು ಒಂದು ಕಡೆ ಚಿಕ್ಕ 12 ವೋಲ್ಟ್ ತಿರುಗಿಸಿ ಕೂರಿಸಿದೆ. ಇಗ್ನಿಷನ್ ಕಾಯಿಲ್ ತಂತಿ ಅದಲು ಬದಲು ಮಾಡಿದೆ. ಡೈನಮೊ ಹೊಸ ದಿಕ್ಕಿಗೆ ಒಗ್ಗಲಿ ಅಂತ ಅದರ ಎಫ್ (ಫೀಲ್ಡ್) ತಂತಿ ಬಿಚ್ಚಿ, ಆ ಟರ್ಮಿನಲ್ಲಿಗೆ ಬ್ಯಾಟರಿಯಿಂದ ಒಂದೆರಡು ಸಲ ಚಟ್ ಚಟ್ ಅಂತ ಮುಟ್ಟಿಸಿದೆ. ಇಷ್ಟು ಎಲ್ಲರಿಗೂ ಗೊತ್ತು. ಎಂಜಿನ್ ಸುತ್ತು ತೋರಿಸುವ ಟ್ಯಾಕೊ ಮೀಟರ್ ಮಾತ್ರ ಹಿಂದಿನ ಬಿಳಿ ತಂತಿಯ ಕುಣಿಕೆ ತಿರುಗಿಸಿದರಷ್ಟೇ ಸಾಲಲ್ಲ, ಒಳಗೂ ಕೈ ಹಾಕಬೇಕು. ಮೂರು ಸಂಜೆ ಕೂತು ಕಂಡುಕೊಂಡಿದ್ದು, ಬೇಕಾದವರು ಮನೆಗೆ ಬನ್ನಿ, ಕಾಫಿ ಜೊತೆ ಹೇಳುತ್ತೀನಿ.

ಹೆಡ್‌ಲೈಟಿಗೆ ಎರಡು ರಿಲೇ (ದೊಡ್ಡ ಕರೆಂಟನ್ನು ಡ್ಯಾಶ್ ಸ್ವಿಚ್ಚಿಗೆ ಬಿಡದೆ ತಾನೇ ಹೊರುವ ಸ್ವಿಚ್ಚು), ಒಂದೊಂದು ಕಡೆಗೂ ಬೇರೆ ಫ್ಯೂಸು ಸೇರಿಸಿದೆ. ಮೊದಲು ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಬಲ್ಬಿನ ಹತ್ತಿರ 10.5 ಸಿಗುತ್ತಿತ್ತು, ಈಗ 12ರ ಮೇಲಿದೆ.

ಮೊದಲ ಸಲ ಕರೆಂಟ್ ಕೊಡುವಾಗ ನೇರ ಬ್ಯಾಟರಿ ಕೊಡಬೇಡಿ. ನಡುವೆ 21 ವ್ಯಾಟಿನ ಬ್ರೇಕ್ ಬಲ್ಬ್ ಇಡಿ. ಎಲ್ಲಾದರೂ ಶಾರ್ಟ್ ಇದ್ದರೆ ತಂತಿ ಸುಡೋ ಬದಲು ಬಲ್ಬ್ ಉರಿಯುತ್ತೆ. ಎಲ್ಲ ಸ್ವಿಚ್ಚೂ ಆಫ್ ಇದ್ದಾಗಲೇ ನನ್ನದು ಝಗ್ ಅಂತ ಉರಿಯಿತು. ಒಂದೊಂದೇ ಕಳಚುತ್ತಾ ಹೋದರೆ, ಲೈಟ್ ಸ್ವಿಚ್ಚಿಗೆ ಹೋಗುವ ಕಂದು ತಂತಿ ಡ್ಯಾಶ್ ಬ್ರಾಕೆಟ್ಟಿನ ಕೆಳಗೆ ಸಿಕ್ಕಿ ಜಜ್ಜಿಹೋಗಿತ್ತು. ಬಲ್ಬ್ ಇಲ್ಲದಿದ್ದರೆ ಎರಡನೇ ಕನಕಪುರ ರಸ್ತೆ ಆಗುತ್ತಿತ್ತು.

ಖರ್ಚು ನೆನಪಿನಿಂದ ಹೇಳುತ್ತೀನಿ: ತಂತಿ ಆರೂವರೆ ಸಾವಿರ, ಕನೆಕ್ಟರು 2 ಸಾವಿರ, ಇಕ್ಕಳ 3, ರಿಲೇ, ಟೇಪು, ಚಿಲ್ಲರೆ ಒಂದೂವರೆ, ದಡ್ಡತನಕ್ಕೆ 4. ಒಟ್ಟು 17 ಸಾವಿರ. ಸಮಯ ಕೇಳಬೇಡಿ, ಐದು ತಿಂಗಳು ದಿವಾನ್ ಮೇಲೆ ಯಾರೂ ಕೂತಿಲ್ಲ.

ಮಾಸ್ಟ್ರು ಬಂದು ಬಾನೆಟ್ ಎತ್ತಿ ಐದು ನಿಮಿಷ ಮಾತಾಡದೆ ನೋಡಿದರು. ಆಮೇಲೆ "ಈ ಗಂಟು ಯಾರು ಹಾಕಿದ್ದು?" ಅಂತ ಅದೊಂದನ್ನೇ ಕೇಳಿದರು. ಈಗ ಉಳಿದಿರೋದು ಒಂದೇ ತರಲೆ: ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳೂ ತಾಳ ಹಾಕುತ್ತೆ. ವೋಲ್ಟೇಜ್ ಸ್ಟೆಬಿಲೈಸರಿನ ಅರ್ಥ್ ಮೇಲೆ ಅನುಮಾನ, ಅದು ಮುಂದಿನ ಭಾನುವಾರಕ್ಕೆ.