ಸಾಯ್ ಕುಂಗ್‌ನ ಕಡಲೂಟ: ತೊಟ್ಟಿಯ ಮೀನಿನಿಂದ ಬಿಲ್ಲಿನವರೆಗೆ

ಹಾಂಗ್‌ಕಾಂಗಿನ ಸಾಯ್ ಕುಂಗ್‌ನಲ್ಲಿ ಊಟದ ಮುಖ್ಯ ತೀರ್ಮಾನಗಳೆಲ್ಲ ಕುಳಿತುಕೊಳ್ಳುವ ಮೊದಲೇ, ಹೋಟೆಲಿನ ಎದುರು ಸಾಲಾಗಿ ಜೋಡಿಸಿದ ನೀರಿನ ತೊಟ್ಟಿಗಳ ಮುಂದೆ ನಿಂತೇ ಆಗುತ್ತವೆ. ಚೊಯ್ ಹುಂಗ್ ಮೆಟ್ರೊ ನಿಲ್ದಾಣದಿಂದ 1ಎ ಮಿನಿಬಸ್ ಹಿಡಿದರೆ ಈ ಊರಿನ ದಂಡೆ ಸಿಗುತ್ತದೆ. ಸ್ವಲ್ಪ ಬೆಳಕಿರುವಾಗಲೇ ತಲುಪಿದರೆ, ಕೆಳಗೆ ದೋಣಿಯಲ್ಲಿ ನಿಂತ ಮೀನುಗಾರರು ಉದ್ದ ಕೋಲಿನ ಬಲೆಯಲ್ಲಿ ಮೀನು ಹಾಕಿ ಮೇಲಿರುವ ಗಿರಾಕಿಗಳಿಗೆ ಎತ್ತಿಕೊಡುವುದನ್ನೂ ನೋಡಬಹುದು.

ಮೊದಲು ತಿಳಿದಿರಬೇಕಾದದ್ದು ತೂಕದ ಲೆಕ್ಕ. ಇಲ್ಲಿ ಜೀವಂತ ಮೀನು, ಸಿಗಡಿ, ಏಡಿಗಳನ್ನು ಸಾಮಾನ್ಯವಾಗಿ 'ಗನ್' ಎಂಬ ಅಳತೆಯಲ್ಲಿ ಮಾರುತ್ತಾರೆ. ಒಂದು ಗನ್ ಎಂದರೆ ಸುಮಾರು 605 ಗ್ರಾಂ, ಅದರ ಹದಿನಾರನೆಯ ಒಂದು ಪಾಲು, ಅಂದರೆ ಸುಮಾರು 38 ಗ್ರಾಂ, ಒಂದು 'ಲ್ಯೂಂಗ್'. ದುಬಾರಿ ಜೀವಿಗಳ ಬೆಲೆಯನ್ನು ಕೆಲವೊಮ್ಮೆ ಲ್ಯೂಂಗ್ ಲೆಕ್ಕದಲ್ಲಿ ಬರೆದಿರುವುದರಿಂದ, ಫಲಕದಲ್ಲಿ ಅಂಕಿ ಚಿಕ್ಕದಾಗಿದೆಯೆಂದು ಅಗ್ಗವೆಂದುಕೊಳ್ಳಬಾರದು. ಮೆನುವಿನಲ್ಲಿ 'ಸಿ ಗಾ', ಅಂದರೆ ಆ ದಿನದ ಮಾರುಕಟ್ಟೆ ಬೆಲೆ, ಎಂದಿದ್ದರೆ ಕೇಳುವುದರಲ್ಲಿ ಸಂಕೋಚವೇ ಬೇಡ. ನನ್ನ ಮೊದಲ ಭೇಟಿಯಲ್ಲಿ ಬೆಲೆ ಕೇಳದೆ ಬೆರಳು ತೋರಿಸಿದ ಒಂದು ಮೀನು ಉಳಿದೆಲ್ಲ ಊಟದಷ್ಟೇ ದುಡ್ಡು ತಿಂದಿತು. ಅಂದಿನಿಂದ ನಾನು ಒಂದು ಕ್ರಮ ಪಾಲಿಸುತ್ತಿದ್ದೇನೆ: ಮೀನನ್ನು ಕಣ್ಣೆದುರೇ ತೂಗಿಸಿ, ಒಟ್ಟು ಮೊತ್ತವನ್ನು ಚೀಟಿಯಲ್ಲಿ ಬರೆಸಿಕೊಂಡು, ಅಡುಗೆಯ ವಿಧಾನವನ್ನೂ ಅಲ್ಲೇ ಹೇಳಿಬಿಡುವುದು. ಯಾವ್ ತೊಂಗ್ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದಾದ, ಹಾಂಗ್‌ಕಾಂಗಿನದೇ ಇನ್ನೊಂದು ಕಡಲೂಟದ ತಾಣವಾದ ಲೇ ಯ್ಯೂ ಮುನ್‌ನಲ್ಲಂತೂ ಮೀನನ್ನು ಅಂಗಡಿಯಲ್ಲಿ ಕೊಂಡು ಪಕ್ಕದ ಹೋಟೆಲಿಗೆ ಒಯ್ದು ಅಡುಗೆ ಮಾಡಿಸುವ ರೂಢಿಯಿದೆ. ಅಲ್ಲಿ ಅಡುಗೆಯ ಕೂಲಿ ಪ್ರತ್ಯೇಕವಾದ್ದರಿಂದ ಅದನ್ನೂ ಮುಂಚಿತವಾಗಿ ವಿಚಾರಿಸಬೇಕು.

ನಾಲ್ವರಿಗೆ ಒಂದು ಗನ್‌ಗಿಂತ ತುಸು ಹೆಚ್ಚು ತೂಗುವ ಒಂದು ಮೀನು ಸಾಕು. ದೊಡ್ಡ ಹವಳದಿಬ್ಬದ ಮೀನುಗಳಲ್ಲಿ ಸಿಗ್ವಟೆರಾ ಎಂಬ ವಿಷ ಸಂಗ್ರಹವಾಗಿರುವ ಅಪಾಯ ಹೆಚ್ಚು, ಬೇಯಿಸಿದರೂ ಅದು ನಾಶವಾಗುವುದಿಲ್ಲ. ಆದ್ದರಿಂದ ಗಾತ್ರಕ್ಕೆ ಆಸೆಪಡದಿರುವುದೇ ಕ್ಷೇಮ. 'ಸೋ ಮೇಯ್' ಎಂದು ಕರೆಯುವ, ಹಣೆ ಉಬ್ಬಿದ ಹಸಿರು ನೀಲಿ ಮೀನನ್ನು ದಯವಿಟ್ಟು ಆರಿಸಬೇಡಿ. ಅಳಿವಿನಂಚಿಗೆ ಬಂದಿರುವ ಆ ಮೀನಿನ ಅಂತರರಾಷ್ಟ್ರೀಯ ವ್ಯಾಪಾರವನ್ನು 2004ರಲ್ಲೇ ಸೈಟಿಸ್ ಎಂಬ ವನ್ಯಜೀವಿ ವ್ಯಾಪಾರದ ಒಪ್ಪಂದದ ನಿಯಂತ್ರಣಕ್ಕೆ ತರಲಾಯಿತು.

ಈಗ ಅಡುಗೆಯ ಮಾತು. ಇಲ್ಲಿನ ಕ್ಯಾಂಟನೀಸ್, ಅಂದರೆ ದಕ್ಷಿಣ ಚೀನಾದ, ಪಾಕಪದ್ಧತಿಯಲ್ಲಿ ಮೀನಿಗೆ ಸಲ್ಲುವ ಅತಿ ದೊಡ್ಡ ಗೌರವ 'ಚಿಂಗ್ ಜಿಂಗ್', ಅಂದರೆ ಬರಿಯ ಹಬೆಯಲ್ಲಿ ಬೇಯಿಸುವುದು. ಇಡೀ ಮೀನನ್ನು ಜೋರಾದ ಹಬೆಯಲ್ಲಿ ಕೆಲವೇ ನಿಮಿಷ ಇಟ್ಟು, ತಟ್ಟೆಯಲ್ಲಿ ಇಳಿದ ನೀರನ್ನು ಚೆಲ್ಲಿ, ಮೇಲೆ ಎಳೆ ಎಳೆಯಾಗಿ ಹೆಚ್ಚಿದ ಶುಂಠಿ ಮತ್ತು ಈರುಳ್ಳಿ ಸೊಪ್ಪನ್ನು ಹರಡಿ, ಕಾದ ಎಣ್ಣೆಯನ್ನು ಚುರ್ರೆನ್ನುವಂತೆ ಸುರಿದು, ಹದ ಮಾಡಿದ ಸೋಯಾ ಸಾಸ್ ಹಾಕುತ್ತಾರೆ. ಅಂಜಲ್, ಬಂಗುಡೆಗಳನ್ನು ಖಾರ ಮಸಾಲೆಯಲ್ಲಿ ಉಂಡು ಬೆಳೆದ ನಮ್ಮ ಕರಾವಳಿಯವರಿಗೆ ಇದು ಮೊದಲ ತುತ್ತಿಗೆ ಸಪ್ಪೆ ಎನಿಸಬಹುದು. ಎರಡನೆಯ ತುತ್ತನ್ನು ತಟ್ಟೆಯ ತಳದ ರಸದಲ್ಲಿ ಅದ್ದಿ ಅನ್ನದೊಂದಿಗೆ ತಿನ್ನಿ. ಮೀನಿನದೇ ಸಿಹಿ ಆಗ ನಾಲಿಗೆಗೆ ಸಿಗುತ್ತದೆ. ಮೂಳೆಗಂಟಿದ ಮಾಂಸ ಆಗತಾನೇ ಬಿಡುವಂತಿದ್ದರೆ ಹದ ಸರಿಯಾಗಿದೆ ಎಂದೇ ಅರ್ಥ.

ಸಿಗಡಿಗೂ ಇದೇ ನ್ಯಾಯ: ಜೀವಂತ ಸಿಗಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದ 'ಪಾಕ್ ಚ್ಯುಕ್ ಹಾ' ಕೇಳಿ, ಕೈಯಿಂದಲೇ ಸುಲಿದು, ಮೆಣಸಿನಕಾಯಿ ಹಾಕಿದ ಸೋಯಾದಲ್ಲಿ ಅದ್ದಿ ತಿನ್ನಿ. ಜೊತೆಗೆ ಬರುವ ನಿಂಬೆ ಹೋಳಿನ ಚಹಾದ ಬಟ್ಟಲು ಬೆರಳು ತೊಳೆಯುವುದಕ್ಕೆ, ಕುಡಿಯುವುದಕ್ಕಲ್ಲ. ಕಪ್ಪೆಚಿಪ್ಪಿನ ಜಾತಿಯವನ್ನು ಹುದುಗಿಸಿದ ಕಪ್ಪು ಸೋಯಾಕಾಳು ಮತ್ತು ಮೆಣಸಿನಕಾಯಿಯಲ್ಲಿ ಹುರಿದರೆ ಚೆನ್ನ. ಸ್ಕಾಲಪ್ ಎಂಬ ಚಿಪ್ಪುಜೀವಿಗೆ ಬೆಳ್ಳುಳ್ಳಿ ಮತ್ತು ಶ್ಯಾವಿಗೆ. ಖಾರ ಬೇಕೇ ಬೇಕು ಎನ್ನುವವರಿಗೆ 'ಬೇ ಫುಂಗ್ ಟಾಂಗ್' ಏಡಿ ಇದೆ. ಬೇ ಫುಂಗ್ ಟಾಂಗ್ ಎಂದರೆ ಬಿರುಗಾಳಿಯಿಂದ ದೋಣಿಗಳಿಗೆ ಆಶ್ರಯ ಕೊಡುವ ಒಳಬಂದರು. ಕಾಸ್‌ವೇ ಬೇ ಬಂದರಿನಲ್ಲಿ ದೋಣಿಗಳಲ್ಲೇ ಬದುಕಿದ ಜನರ ಅಡುಗೆಯಿಂದ ಬಂದ ಇದರಲ್ಲಿ, ಹುರಿದ ಏಡಿಯ ಮೇಲೆ ಗರಿಗರಿಯಾದ ಬೆಳ್ಳುಳ್ಳಿಯ ಚೂರುಗಳು ರಾಶಿಯಾಗಿ ಬಿದ್ದಿರುತ್ತವೆ. ಏಡಿ ಮುಗಿದರೂ ಆ ಬೆಳ್ಳುಳ್ಳಿಯನ್ನು ಬಿಡಬೇಡಿ, ಅನ್ನಕ್ಕೆ ಅದೊಂದೇ ಸಾಕು. ಇದನ್ನು ಹಬೆಯ ಮೀನಿಗಿಂತ ಮೊದಲು ತಿಂದರೆ ಮೀನಿನ ರುಚಿ ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಏಡಿಯನ್ನು ಕೊನೆಗೆ ತರಲು ಹೇಳುತ್ತೇನೆ.

ಮೇಜಿನ ಮೇಲೆ ಎಲ್ಲವೂ ಹಂಚಿಕೊಂಡು ತಿನ್ನುವುದು. ಬಡಿಸಿಕೊಳ್ಳಲು ಬೇರೆ ಚಾಪ್‌ಸ್ಟಿಕ್ ಇಟ್ಟಿದ್ದರೆ ಅದನ್ನೇ ಬಳಸಬೇಕು. ಮೀನಿನ ಒಂದು ಬದಿ ಮುಗಿದ ಮೇಲೆ ಅದನ್ನು ಮಗುಚಬಾರದು, ಏಕೆಂದರೆ ಮೀನು ಮಗುಚಿದರೆ ದೋಣಿಯೂ ಮಗುಚುತ್ತದೆ ಎಂಬ ನಂಬಿಕೆ ಇಲ್ಲಿನ ಬೆಸ್ತರದು. ನಡುಮೂಳೆಯನ್ನು ಎತ್ತಿ ತೆಗೆದು ಕೆಳಗಿನ ಭಾಗವನ್ನು ತಿನ್ನುತ್ತಾರೆ. ಯಾರಾದರೂ ನಿಮ್ಮ ಬಟ್ಟಲಿಗೆ ಚಹಾ ಸುರಿದಾಗ ಎರಡು ಬೆರಳುಗಳಿಂದ ಮೇಜನ್ನು ಮೆಲ್ಲಗೆ ತಟ್ಟಿದರೆ ಅದೇ ಧನ್ಯವಾದ. ಕೆಟಲಿನ ಮುಚ್ಚಳವನ್ನು ಓರೆಯಾಗಿಟ್ಟರೆ ಬಿಸಿನೀರು ತಂದು ತುಂಬುತ್ತಾರೆ.

ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಹೆಚ್ಚಿನ ಎಚ್ಚರ ಬೇಕು. ಬರಿಯ ಸೊಪ್ಪಿನ ತಟ್ಟೆಯಲ್ಲೂ ಆಯ್ಸ್ಟರ್ (ಸಿಂಪಿ) ಸಾಸ್, ಒಣಸಿಗಡಿ ಅಥವಾ ಮಾಂಸದ ಸಾರು ಇರಬಹುದಾದ್ದರಿಂದ 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಸಾಲದು. ಬೌದ್ಧರ ಸಸ್ಯಾಹಾರಕ್ಕೆ 'ಜಾಯ್' ಎಂಬ ಪದವಿದೆ. ಅದನ್ನು ಹೇಳಿ, ಸೊಪ್ಪನ್ನು ಬೆಳ್ಳುಳ್ಳಿಯಲ್ಲಷ್ಟೇ ಹುರಿದು ಕೊಡಲು ಕೇಳಿ. ಕಟ್ಟುನಿಟ್ಟಿನ ಜಾಯ್‌ನಲ್ಲಿ ಬೆಳ್ಳುಳ್ಳಿಯೂ ನಿಷಿದ್ಧ, ಹಾಗಾಗಿ ಬೆಳ್ಳುಳ್ಳಿ ನಡೆಯುತ್ತದೆ ಎಂಬುದನ್ನು ಬೇರೆಯಾಗಿ ತಿಳಿಸಬೇಕಾಗುತ್ತದೆ. ಚಿಪ್ಪುಜೀವಿಗಳ ಅಲರ್ಜಿ ಇರುವವರಿಗೆ ಇಂಥ ಅಡುಗೆಮನೆಯ ಒಂದೇ ಬಾಣಲೆಯ ಊಟ ಸುರಕ್ಷಿತವಲ್ಲ, ಅವರನ್ನು ಒತ್ತಾಯಿಸಬಾರದು.

ಕೊನೆಗೆ 'ಮಾಯ್ ದಾನ್' ಎಂದರೆ ಬಿಲ್ ಬರುತ್ತದೆ. ತಲೆಗಿಷ್ಟೆಂದು ಚಹಾದ ಹಣ, ಕೇಳದೆಯೇ ಬಂದ ಕಡಲೆಬೀಜದ ತಟ್ಟೆಯ ಹಣ, ಬಹಳಷ್ಟು ಕಡೆ ಶೇ. 10ರ ಸೇವಾಶುಲ್ಕ ಇವೆಲ್ಲ ಸೇರಿರುವುದು ಇಲ್ಲಿನ ವಾಡಿಕೆ. ತೊಟ್ಟಿಯ ಮುಂದೆ ಬರೆಸಿಕೊಂಡ ಚೀಟಿಯನ್ನು ಹೊರತೆಗೆದು ಮೀನಿನ ಸಾಲನ್ನು ಅದರೊಂದಿಗೆ ತಾಳೆ ನೋಡಿ, ಆಮೇಲೆ ಹಣ ಕೊಡಿ.